ಹಿಂದಿನ ಹಲಗೆಯ ಪಾಲು

ವಾರದಿಂದ ಬಿಡದೆ ಹೊಯ್ದ ಮಳೆಗೆ ದೆತ್ನು ಹೊಳೆ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಹೊಳೆಯ ಈಚೆ ನಾರ್ವೆ, ಆಚೆ ಫಿನ್‌ಲ್ಯಾಂಡ್. ಎರಡೂ ದಡದಲ್ಲಿರುವವರು ನಮ್ಮ ಸಾಮಿ ಜನರೇ, ಮತ್ತು ಅಂಥ ಕೆಸರು ನೀರಿನಲ್ಲಿ ಎರಡೂ ದಡದವರಿಗೆ ಮೀನು ಸಿಗುವುದಿಲ್ಲ. ಹಾಗಾಗಿ ಎಲ್ಲರೂ ಗಾಳ ಮೂಲೆಗಿಟ್ಟು ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಕಾಫಿ ಕುಡಿಯುತ್ತ ಕೂತಿದ್ದ ದಿನಗಳವು.

ನಾವು ಮೂವರು, ಅಂದರೆ ನಾನು, ನನ್ನ ಹೆಂಡತಿ ಇಂಗಾ, ಅವಳ ತಮ್ಮ ನಿಲ್ಲಾಸ್, ಆ ಸಂಜೆ ಹೊಳೆ ದಾಟಿ ಇಂಗಾಳ ಅಜ್ಜಿ ರಿಸ್ತೆನ್ ಮನೆಗೆ ಹೋದೆವು. ಅಜ್ಜಿಯ ಹಳೆಯ ದೋಣಿಗೆ ಟಾರು ಬಳಿಯಲೆಂದು ನಿಲ್ಲಾಸ್ ಅದನ್ನು ನಮ್ಮ ದಡಕ್ಕೆ ತಂದಿದ್ದ. ಮೋಟಾರು ದೋಣಿಯ ಹಿಂದೆ ಕಟ್ಟಿ ಖಾಲಿ ಎಳೆದುಕೊಂಡು ಬಾ ಎಂದು ಅಜ್ಜಿ ಹೇಳಿಕಳಿಸಿದ್ದಳು. ಆದರೆ ಮೋಟಾರಿಗೆ ನೀರು ನುಗ್ಗಿ ಅದು ಕೆಮ್ಮುತ್ತ ಕೂತಿತು. ನಿಲ್ಲಾಸ್‌ಗೆ ತಾಳ್ಮೆ ಎಂಬುದು ಮೊದಲೇ ಕಡಿಮೆ. ಅಜ್ಜಿಯ ದೋಣಿಯಲ್ಲೇ ಕೂತು ಹುಟ್ಟು ಹಾಕಿಕೊಂಡು ಬಂದೆವು. ಹಿಂದಿನ ಹಲಗೆಯ ಟಾರು ಇನ್ನೂ ಅಂಟುತ್ತಿದ್ದರಿಂದ ಅಲ್ಲಿ ಯಾರೂ ಕೂರಲಿಲ್ಲ. ನಡುಹೊಳೆಯಲ್ಲಿ ನಿಲ್ಲಾಸ್ ಏದುಸಿರು ಬಿಡುತ್ತ, "ಭಾವ, ಮುಂದಕ್ಕೆ ಸರಿದು ಕೂತ್ಕೊ, ದೋಣಿ ಹಿಂದಕ್ಕೆ ಜಗ್ತಿದೆ" ಎಂದ. ನಾನು ಆಗಲೇ ದೋಣಿಯ ಮುಂದಿನ ಮೂತಿಯ ಹತ್ತಿರ ಕೂತಿದ್ದೆ. ಮಳೆನೀರು ಹಿಂದೆ ತುಂಬಿರಬೇಕೆಂದು ಇಂಗಾ ಡಬ್ಬಿಯಲ್ಲಿ ಮೊಗೆದು ಮೊಗೆದು ಚೆಲ್ಲಿದಳು. ದೋಣಿ ಮಾತ್ರ ಹಾಗೇ ಜಗ್ಗುತ್ತಿತ್ತು.

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ನಾವು ದಡಕ್ಕೆ ಇಳಿಯುವುದನ್ನು ನೋಡುತ್ತಿದ್ದವಳು ಒಳಗೆ ಹೋಗಿ, ಮಳೆಗೆ ಮುಂಚೆ ಹಿಡಿದಿಟ್ಟಿದ್ದ ಮೀನು ಕೊಯ್ಯತೊಡಗಿದಳು. ಬೇಯಿಸಿದ ಸಾಲ್ಮನ್, ಆಲೂಗೆಡ್ಡೆ, ಆಮೇಲೆ ಕಾಫಿ. ಅವಳೂ ಸೇರಿ ನಾವು ನಾಲ್ವರು, ಮೇಜಿನ ಮೇಲೆ ತಟ್ಟೆ ಐದು. ನೆರೆಯವರು ಯಾರೋ ಬರುವವರಿರಬೇಕು ಎಂದುಕೊಂಡೆ. ಸೂರ್ಯ ಮುಳುಗದ ತಿಂಗಳಾದ್ದರಿಂದ ಕಿಟಕಿಯಲ್ಲಿ ಅಕ್ಕಿ ತೊಳೆದ ನೀರಿನಂಥ ಬೆಳಕು. ಎಲ್ಲೋ ಟಕ್ ಟಕ್ ಎಂದು ಸದ್ದಾಗುತ್ತಿತ್ತು. ಸೂರು ಸೋರುತ್ತಿದೆ ಎಂದು ನಾನು ಮೇಲೆ ನೋಡಿದೆ. ನಿಲ್ಲಾಸ್ ನನ್ನ ಕಾಲಿನ ಕಡೆ ನೋಡಿದ.

"ಎಳ್ಕೊಂಡು ಬಾ ಅಂದಿದ್ದೆ. ಯಾಕೆ ಕೂತ್ಕೊಂಡು ಬಂದ್ರಿ?" ಎಂದಳು ಅಜ್ಜಿ ಕಾಫಿ ಬಗ್ಗಿಸುತ್ತ.

"ಕೂತ್ರೆ ಏನಾಗುತ್ತಜ್ಜಿ? ದೋಣಿ ಇರೋದೇ ಕೂರೋಕೆ" ಎಂದ ನಿಲ್ಲಾಸ್. "ದೆವ್ವ ಇದೆಯಾ ಅದರಲ್ಲಿ? ಕತ್ತಲೇ ಇಲ್ಲದ ತಿಂಗಳಲ್ಲಿ ಎಂಥ ದೆವ್ವ?"

ಅಜ್ಜಿ ನಮ್ಮವರ ರೂಢಿಯಂತೆ ಕಾಫಿಯೊಳಗೆ ಗಿಣ್ಣಿನ ತುಂಡೊಂದನ್ನು ಹಾಕಿಕೊಂಡು ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡಳು.

*

"ದೆವ್ವಕ್ಕೆ ಕತ್ತಲೆ ಬೇಕು ಅಂತ ನಿನಗೆ ಯಾರು ಹೇಳಿದ್ರೋ? ನಾನು ನೋಡಿದ್ದು ಹಾಡುಹಗಲಲ್ಲಿ, ಬಿಸಿಲಿಗೆ ತಲೆ ಸುಡ್ತಿತ್ತು. ಕೇಳಿ ಹಾಗಾದ್ರೆ. ನಡುವೆ ಬಾಯಿ ಹಾಕ್ಬೇಡಿ. ನಿಲ್ಲಾಸ್, ನಿನಗೇ ಹೇಳಿದ್ದು.

"ನನಗೆ ಇಬ್ಬರು ಅಣ್ಣಂದಿರು. ದೊಡ್ಡವನು ಸಮ್ಮೋಲ್, ಚಿಕ್ಕವನು ಹೆಯ್ಕಾ. ಅಪ್ಪ ಇರಲಿಲ್ಲ. ಸಮ್ಮೋಲ್ ಹುಟ್ಟು ಹಾಕ್ತಿದ್ದ, ಹೆಯ್ಕಾ ದೋಣಿಯ ಹಿಂದಿನ ಹಲಗೆ ಮೇಲೆ ಕೂತು ಗಾಳ ನೋಡ್ಕೊಳ್ತಿದ್ದ. ನೋಡ್ಕೊಳ್ತಿದ್ದ ಅನ್ನೋದು ಮಾತಿಗೆ… ಆ ಹುಡುಗ ಒಂದು ಕಡೆ ನೆಟ್ಟಗೆ ಕೂತವನೇ ಅಲ್ಲ. ಕಾಫಿ ಕುದಿಯೋಕೆ ಬಿಡಲ್ಲ, ಮೀನು ಬೇಯೋಕೆ ಬಿಡಲ್ಲ, ಚರ್ಚಿನಲ್ಲಿ ಪಾದ್ರಿ ಆಮೆನ್ ಅನ್ನೋಕೆ ಮುಂಚೆ ಬಾಗಿಲ ಹತ್ತಿರ ಇರ್ತಿದ್ದ. ದೋಣೀಲಿ ಕೂತ್ರೆ ಹಿಮ್ಮಡಿಯಿಂದ ಹಲಗೆ ಬಡೀತಾ ಇರೋದು, ಟಕ್ ಟಕ್, ಟಕ್ ಟಕ್. 'ಕಾಲು ಬಡೀಬೇಡ ಕಣೋ, ಮೀನು ಓಡಿಹೋಗುತ್ತೆ' ಅಂತ ನಾವೆಲ್ಲ ಬೈದೂ ಬೈದೂ ಸಾಕಾಗಿತ್ತು. ಗಳಿಗೆ ಸುಮ್ಮನಿದ್ದು ಮತ್ತೆ ಶುರು ಮಾಡೋನು. ಅವ್ವನಿಗೆ ಮಾತ್ರ ಅವನಂದ್ರೆ ಪ್ರಾಣ. ನನಗೂ ಅಷ್ಟೇ, ಸುಳ್ಳು ಯಾಕೆ ಹೇಳ್ಲಿ?

"ಒಂದು ವಸಂತದಲ್ಲಿ ಹೊಳೆ ಮೇಲಿನ ಮಂಜುಗಡ್ಡೆ ಸಡಿಲ ಆಗಿತ್ತು. ಬೂದು ಬಣ್ಣ ಬಂದಿತ್ತು. ಎಲ್ಲರೂ ದಡದಲ್ಲಿ ನಿಂತು, ಇವತ್ತೋ ನಾಳೆಯೋ ಒಡೆಯುತ್ತೆ, ಆಮೇಲೆ ದೋಣೀಲಿ ಹೋದ್ರಾಯ್ತು ಅಂತ ಇದ್ರೆ, ಇವನು ಆಚೆ ದಡದಲ್ಲಿ ಬಿಟ್ಟಿದ್ದ ಜಾರುಬಂಡಿ ತರ್ತೀನಿ ಅಂತ ಹೊರಟ. 'ಕಾಯೋ ಸ್ವಲ್ಪ' ಅಂತ ಅವ್ವ ಕೂಗಿದ್ಲು. ಕಾಯೋ ಜಾತಿನಾ ಅದು? ಅರ್ಧ ದಾಟಿದ್ದ… ಆಮೇಲೆ ಇರಲಿಲ್ಲ. ಸದ್ದು ಕೂಡ ದೊಡ್ಡದಾಗಿ ಬರಲಿಲ್ಲ ನೋಡಿ.

"ಮಂಜು ಹೋದ ಮೇಲೆ ಹುಡುಕಿದ್ವಿ. ಹೆಣ ಹುಡುಕೋಕೆ ಆಗ ಹುಂಜ ಒಯ್ತಿದ್ರು, ನಿಮಗೆ ಗೊತ್ತಲ್ಲ. ದೋಣಿಯ ಮೂತೀಲಿ ಹುಂಜ ಕೂರಿಸಿ ಮೆಲ್ಲಗೆ ಹೋಗೋದು, ಅದು ಎಲ್ಲಿ ಕೂಗುತ್ತೋ ಅಲ್ಲಿ ಕೆಳಗೆ ಅವನಿದಾನೆ ಅಂತ. ಪಾದ್ರಿ ಮನೆ ಹುಂಜ ತಂದ್ವಿ. ಅದು ದಾರೀಲೆಲ್ಲ ಪಾದ್ರಿ ಕೋಟಿನ ಮೇಲೆ ಹೇತ್ಕೊಂಡು ಬಂತೇ ಹೊರತು ತುಟಿ ಬಿಚ್ಚಲಿಲ್ಲ. ಬಿಳಿಗಲ್ಲು ಮಡುವಿನ ಮೇಲೆ ಬಂದಾಗ ಮಾತ್ರ ಕತ್ತು ಚಾಚಿ ಕೂಗಿತು ನೋಡಿ… ಅವ್ವ ದಡದಲ್ಲೇ ಕುಸಿದು ಕೂತ್ಲು. ಕೊಕ್ಕೆ ಹಾಕಿ ಎಷ್ಟು ತಡಕಾಡಿದ್ರೂ ಸಿಗಲಿಲ್ಲ. ಆ ಮಡುವಿನ ತಳ ಕಂಡವರಿಲ್ಲ.

"ಚರ್ಚಿನ ಹತ್ತಿರ ಅಪ್ಪನ ಪಕ್ಕದಲ್ಲಿ ಗುಂಡಿ ತೋಡಿಸಿದ್ಲು ಅವ್ವ. ಮುಚ್ಚೋಕೆ ಬಿಡಲಿಲ್ಲ, ಮೇಲೆ ಹಲಗೆ ಹೊದಿಸಿ ಇಟ್ಲು. 'ನನ್ನ ಮಗ ಮಣ್ಣಿಗೆ ಬರಲಿ, ಅಷ್ಟು ಸಾಕು, ಬೇರೆ ಏನೂ ಕೇಳಲ್ಲ ದೇವರನ್ನ' ಅಂತಿದ್ಲು. ದಿನಾ ದಡದುದ್ದಕ್ಕೂ ನಡೆಯೋಳು, ಒಂದು ಬಟ್ಟೆ ಚೂರು ತೇಲಿದ್ರೂ ನೀರಿಗೆ ಇಳಿಯೋಳು. ಮುಳುಗಿದವನು ಸಿಗೋವರೆಗೂ ಅವನ ಮಡುವಿನಲ್ಲಿ ಯಾರೂ ಮೀನು ಹಿಡಿಯೋ ಹಾಗಿಲ್ಲ, ದಾಟಿ ಹೋಗುವಾಗಲೂ ದಾರ ಸುತ್ತಿ ಒಳಗೆ ಇಟ್ಕೋಬೇಕು. ಆಚೆ ದಡದವರೂ ಅದನ್ನ ಮೀರ್ತಿರಲಿಲ್ಲ.

"ಮೀರಿದವನು ನಮ್ಮಣ್ಣ ಸಮ್ಮೋಲ್.

"ಯಾಕೆ ಅಂತೀರಾ? ಆ ಮಡುವಿನಲ್ಲಿ ಒಂದು ಮೀನು ನೋಡಿದ್ದ. ಹಿಂದಿನ ವರ್ಷವೇ ನೋಡಿದ್ದ. ನೀರಿನಿಂದ ಮೇಲೆದ್ದು ಬಿದ್ರೆ ದಡಕ್ಕೆ ಅಲೆ ಹೊಡೀತು ಅಂತ ಹೇಳ್ಕೊಂಡು ತಿರುಗಿದ. ಯಾರು ನಂಬ್ತಾರೆ? ಅಂಗಡಿ ಹತ್ತಿರ ಹೋದ್ರೆ ಸಾಕು, 'ಏನಪ್ಪಾ ಸಮ್ಮೋಲ್, ನಿನ್ನ ಮೀನು ಈ ತಿಂಗಳು ಎಷ್ಟು ಬೆಳೀತು? ಅಂಗಿ ಹೊಲಿಸಬೇಕಾ ಅದಕ್ಕೆ?' ಅಂತ ಕಾಡೋರು. ಅವನು ನಗಲ್ಲ. ಹಲ್ಲು ಕಚ್ಕೊಂಡು ಮನೆಗೆ ಬರೋನು. ಒಳ್ಳೆಯವನೇ ಕಣ್ರೋ, ಕೆಟ್ಟವನಲ್ಲ… ಆದ್ರೆ ಆ ಮೀನು ಅವನ ತಲೇಲಿ ಮನೆ ಮಾಡಿತ್ತು.

"ಹೆಯ್ಕಾ ಹೋದ ಮೇಲೆ ಹುಟ್ಟು ಹಾಕೋ ಕೆಲಸ ನನಗೆ ಬಂತು. ಸಮ್ಮೋಲ್ ಹಿಂದಿನ ಹಲಗೆಗೆ ಹೋದ, ಹೆಯ್ಕಾ ಕೂರ್ತಿದ್ದ ಜಾಗಕ್ಕೆ. ಜೂನ್ ಕೊನೆ, ಬಿಸಿಲು, ನೀರು ಕನ್ನಡಿ ಹಾಗೆ. ಮೇಲಿನಿಂದ ಬರ್ತಾ ಬಿಳಿಗಲ್ಲು ಮಡು ಹತ್ತಿರ ಆಯ್ತು. 'ಅಣ್ಣ, ದಾರ ಸುತ್ತಿಕೊ' ಅಂದೆ. 'ನಾನೇನು ಇಲ್ಲಿ ಮೀನು ಹಿಡೀತಿದೀನಾ? ದಾಟ್ತಿದೀನಿ. ನೀನು ಹುಟ್ಟು ಹಾಕು' ಅಂದ. ಎರಡು ದಾರ ನೀರಲ್ಲೇ ಇತ್ತು. ಕಣ್ಣು ನೀರಿನ ಮೇಲೆ ನೆಟ್ಟಿತ್ತು. ದಾಟೋನ ಮುಖವಾ ಅದು?

"ಅಷ್ಟರಲ್ಲಿ ಒಂದು ದಾರ ಸರ್ರನೆ ಓಡ್ತು ನೋಡಿ, ದಾರ ಸುತ್ತಿದ ಚಕ್ರ ಕಿರುಚಿತು, ದೋಣಿ ಮೂತಿ ತಿರುಗಿಸ್ಕೊಂಡು ಪ್ರವಾಹಕ್ಕೆ ಎದುರಾಗಿ ಹೊರಟಿತು. ನಾನು ಹುಟ್ಟು ಹಾಕ್ತಿಲ್ಲ, ಅದೇ ಎಳೀತಿದೆ. ದೋಣಿಯನ್ನ, ನಮ್ಮಿಬ್ಬರನ್ನ, ಕರು ಎಳ್ಕೊಂಡು ಹೋದ ಹಾಗೆ ಎಳೀತಿದೆ. ಮಡುವಿನ ತುಂಬ ಸುತ್ತಾಡಿಸಿತು. ದಡದಲ್ಲಿ ಹುಲ್ಲು ಕೊಯ್ತಿದ್ದವರು ಕುಡುಗೋಲು ಬಿಟ್ಟು ನಿಂತ್ರು. ಸಮ್ಮೋಲ್ ಅಳ್ತಿದ್ದನೋ ನಗ್ತಿದ್ದನೋ ಹೇಳೋಕಾಗಲ್ಲ, 'ನೋಡಿದ್ಯಾ, ನೋಡಿದ್ಯಾ, ನಾನು ಸುಳ್ಳು ಹೇಳಿದ್ನಾ' ಅಂತ ಅದೊಂದೇ ಮಾತು. ಕೊನೆಗೆ ಮಡುವಿನ ನಡುವೆ, ಹುಂಜ ಕೂಗಿದ್ದ ಜಾಗ ಇತ್ತಲ್ಲ, ಸರಿಯಾಗಿ ಅಲ್ಲಿಗೆ ಬಂದು ನಿಂತುಬಿಡ್ತು.

"ಮೇಲಕ್ಕೆ ಬಂತು. ದೋಣಿಯ ಎಡಗಡೆ. ದೇವರೇ… ಅಂಥ ಸಾಲ್ಮನ್ ಆಮೇಲೆ ನಾನು ನೋಡಿಲ್ಲ. ಹತ್ತು ವರ್ಷದ ಮಗು ಮಲಗಿದ ಹಾಗೆ ಉದ್ದ, ಬೆನ್ನು ಕಪ್ಪು, ಹೊಟ್ಟೆ ಹಾಲಿನ ಬಿಳುಪು. ಸುಸ್ತಾಗಿ ಪಕ್ಕಕ್ಕೆ ವಾಲಿತ್ತು. ಅಣ್ಣ ಕೊಕ್ಕೆ ಕೈಗೆ ತಗೊಂಡ.

"ಆಗ ಬಲಗಡೆಯ ಇನ್ನೊಂದು ದಾರ ಬಿಗೀತು.

"ಮೀನಿನ ಎಳೆತ ಅಲ್ಲ ಅದು, ಹುಟ್ಟು ಹಾಕೋಳಿಗೆ ಗೊತ್ತಾಗುತ್ತೆ. ಭಾರ. ಸುಮ್ಮನೆ ಭಾರ. ತಳದಿಂದ ತಾನಾಗೇ ಮೆಲ್ಲಗೆ ಮೇಲಕ್ಕೆ ಬರ್ತಿತ್ತು. ಮೊದಲು ನೀಲಿ ಬಟ್ಟೆ ಕಾಣಿಸ್ತು, ಆಮೇಲೆ ಕೆಂಪು ಪಟ್ಟಿ. ಆ ಅಂಗಿ ತೋಳಿನ ಅಂಚಿಗೆ ಕೆಂಪು ಪಟ್ಟಿ ಹೊಲಿದವಳು ನಮ್ಮವ್ವ, ದೀಪದ ಪಕ್ಕ ಸೂಜಿಗೆ ದಾರ ಪೋಣಿಸಿ ಕೊಟ್ಟವಳು ನಾನು. ಗಾಳ ಆ ತೋಳಿಗೆ ಸಿಕ್ಕಿಕೊಂಡಿತ್ತು… ತೋಳು ಖಾಲಿ ಇರಲಿಲ್ಲ.

"'ಅಣ್ಣ, ಅವನನ್ನ ಹಿಡಿ' ಅಂತ ಕಿರುಚಿದೆ. ನಾನು ಹುಟ್ಟು ಬಿಡೋ ಹಾಗಿಲ್ಲ, ಮಡುವಿನ ಕೆಳಗೇ ಕಲ್ಲುಗಳ ನಡುವೆ ನೀರು ಧುಮುಕುತ್ತೆ, ಬಿಟ್ರೆ ಎಲ್ಲರೂ ಅಲ್ಲಿಗೇ. 'ಮೀನು ಬಿಡು ಅಣ್ಣ, ಹೆಯ್ಕಾನ ಹಿಡಿ, ಅವ್ವನಿಗೆ ಹೆಯ್ಕಾ ಬೇಕು.' ಅವನು ಆ ಕಡೆ ನೋಡಿದ, ಈ ಕಡೆ ನೋಡಿದ. ನೋಡಲಿಲ್ಲ ಅಂತ ಹೇಳೋ ಹಾಗಿಲ್ಲ, ನೋಡಿದ. ಎರಡು ದಾರವೂ ದೋಣಿ ಕೆಳಗೆ ತೊಡಕ್ಕೊಳ್ತಿತ್ತು. ಸೊಂಟದಿಂದ ಚಾಕು ಎಳೆದ. 'ಅವನು ಕಾಯ್ತಾನೆ, ರಿಸ್ತೆನ್. ಮೀನು ಕಾಯಲ್ಲ' ಅಂದ. ಬಲಗಡೆ ದಾರ ಕುಯ್ದ.

"ಕೆಂಪು ಪಟ್ಟಿ ಕೆಳಗೆ ಹೋಗೋದನ್ನ ನಾನು ನೋಡ್ತಾನೇ ಇದ್ದೆ. ಮೆಲ್ಲಗೆ ಹೋಯ್ತು. ಹೋಗೋಕೆ ಇಷ್ಟ ಇಲ್ಲದವರು ಹೋಗ್ತಾರಲ್ಲ, ಹಾಗೆ.

"ಮೀನಿಗೆ ಕೊಕ್ಕೆ ಹಾಕಿ ಒಳಗೆಳೆದು, ಅದು ಒದ್ದಾಡದ ಹಾಗೆ ದೋಣಿ ನಡುವೆ ಅದರ ಮೇಲೆ ಮಂಡಿಯೂರಿ ಕೂತ ಅಣ್ಣ. ಈಗ ಕೇಳಿ. ಹಿಂದೆ ಕೂತವನು ಎದ್ದು ನಡುವಿಗೆ ಬಂದ್ರೆ ದೋಣಿಯ ಹಿಂಭಾಗ ಮೇಲೇಳಬೇಕಲ್ವಾ? ಏಳಲಿಲ್ಲ. ಅಣ್ಣ ಬಂದಾಯ್ತು, ಹಲಗೆ ಖಾಲಿ ಇದೆ, ನನ್ನ ಕಣ್ಣೆದುರಿಗೇ ಖಾಲಿ ಇದೆ… ದೋಣಿ ಮಾತ್ರ ಹಿಂದಕ್ಕೆ ಕೂತೇ ಇತ್ತು. ದಡ ಮುಟ್ಟೋವರೆಗೂ ಕೂತೇ ಇತ್ತು.

"ಊರೆಲ್ಲ ಬಂತು. ಅಂಗಡಿಯ ತಕ್ಕಡಿಗೆ ನೇತು ಹಾಕಿದ್ರೆ ಮುಳ್ಳು ಕೊನೇ ಗೆರೆ ದಾಟಿ ಬಾಗಿ ನಿಂತಿತು. ಕಾಡಿದವರೆಲ್ಲ ಸಮ್ಮೋಲ್ ಬೆನ್ನು ತಟ್ಟಿದ್ದೇ ತಟ್ಟಿದ್ದು. ನಾನು ಅವ್ವನ ಹತ್ತಿರ ಓಡಿ ಎಲ್ಲ ಹೇಳ್ದೆ, ಒಂದು ಮಾತೂ ಮುಚ್ಚಲಿಲ್ಲ. ಅವ್ವ ಅಳಲಿಲ್ಲ. ಲಂಗಕ್ಕೆ ಕೈ ಒರೆಸ್ಕೊಂಡು ಬಂದು ಮೀನಿನ ಎದುರು ನಿಂತ್ಲು.

"ನಮ್ಮಲ್ಲಿ ಮೀನು ಹಂಚೋದು ದೋಣಿ ಲೆಕ್ಕಕ್ಕೆ. ಹುಟ್ಟು ಹಾಕಿದವರಿಗೆ, ಗಾಳ ಹಿಡಿದವರಿಗೆ, ಸುಮ್ಮನೆ ಮಡಿಲಲ್ಲಿ ಕೂತ ಕೂಸಿಗೆ, ಎಲ್ಲರಿಗೂ ಒಂದೊಂದು ಪಾಲು. ದೋಣಿ ಹೊತ್ತ ಭಾರಕ್ಕೆಲ್ಲ ಪಾಲುಂಟು. ಹಿಡಿದವನೇ ತನ್ನ ಕೈಯಿಂದ ಕೊಡಬೇಕು. ಸಮ್ಮೋಲ್ ಎರಡು ಪಾಲು ಮಾಡಿದ, ನನಗೊಂದು ಅವನಿಗೊಂದು.

"'ಹೆಯ್ಕಾನ ಪಾಲು ಎಲ್ಲಿ?' ಅಂತ ಕೇಳಿದ್ಲು ಅವ್ವ.

"'ಸತ್ತವರಿಗೆಲ್ಲ ಪಾಲು ಕೊಡ್ತಾ ಹೋದ್ರೆ ನಮಗೆ ಬಾಲ ಉಳಿಯುತ್ತೆ ಅಷ್ಟೇ' ಅಂದ. ಒಬ್ಬಿಬ್ಬರು ನಕ್ಕರು ಕೂಡ. ಆಮೇಲೆ ಅವ್ವನ ಮುಖ ನೋಡಿ ಅವನ ದನಿ ಇಳೀತು. 'ನಾಳೆ ಬೆಳಗ್ಗೆ ಹೋಗಿ ಕರ್ಕೊಂಡು ಬರ್ತೀನವ್ವ. ಎಲ್ಲಿದಾನೆ ಅಂತ ಗೊತ್ತಾಯ್ತಲ್ಲ. ಎಲ್ಲಿಗೆ ಹೋಗ್ತಾನೆ? ಕಾಯ್ತಾನೆ.'

"ಅವ್ವ ಅಂದಿದ್ದು ಒಂದೇ ಮಾತು. 'ಅವನು ಯಾವತ್ತು ಕಾದಿದ್ದ, ಹೇಳು?'

"ಬೆಳಗ್ಗೆ ಹುಂಜ ತಗೊಂಡು ಹೋದ್ರು. ಮಡುವಿನ ಮೇಲೆ ಬಂದ್ರೂ ಅದು ಕೂಗಲಿಲ್ಲ. ಆ ಹುಂಜ ಮಾಡಿದ್ದೇನು ಗೊತ್ತಾ? ಹಿಂದಕ್ಕೆ ತಿರುಗಿ ಕೂತ್ಕೊಂಡು ಹಿಂದಿನ ಹಲಗೆ ಕಡೆ ನೋಡ್ತಾ ಇತ್ತು. ಆ ದಿನದಿಂದ ಸಮ್ಮೋಲ್ ದೋಣಿ ಹತ್ತಿದ್ರೆ ದೋಣಿ ಹಿಂದಕ್ಕೆ ಜಗ್ಗೋದು. ಆಮೇಲೆ ಸದ್ದು ಶುರು ಆಯ್ತು. ಟಕ್ ಟಕ್, ಟಕ್ ಟಕ್… ಮೀನೆಲ್ಲ ಓಡಿಹೋದ್ವು, ಆ ಬೇಸಿಗೆ ಪೂರ್ತಿ ಅವನ ಗಾಳಕ್ಕೆ ಬೆರಳುದ್ದದ ಮರಿ ಸಹ ಬೀಳಲಿಲ್ಲ. ಮನೇಲಿ ಊಟಕ್ಕೆ ಕೂತ್ರೆ ಅಣ್ಣನ ಕಾಲೇ ಬಡಿಯೋಕೆ ಶುರು. ಮಂಡಿ ಮೇಲೆ ಎರಡೂ ಕೈ ಒತ್ತಿ ಹಿಡ್ಕೊಂಡ್ರೂ ನಿಲ್ಲಲ್ಲ. ಮಲಗಿದ್ರೆ ಎದ್ದು ಕೂರ್ತಾನೆ, ಕೂತ್ರೆ ದಡಕ್ಕೆ ಓಡ್ತಾನೆ. ಗಾಳ ಒಲೆಗೆ ಹಾಕಿದ. ಬರೀ ಕೊಕ್ಕೆ ತಗೊಂಡು ಮಡುವಿನಿಂದ ಮಡುವಿಗೆ ತಮ್ಮನನ್ನ ಹುಡುಕ್ಕೊಂಡು ತಿರುಗಿದ. ಮೈ ಕರಗಿ ಹೋಯ್ತು. ಅವ್ವ ದಿನಾ ಒಂದು ಪಾಲು ಜಾಸ್ತಿ ಕೊಯ್ದು ಇಡ್ತಿದ್ಲು… ಆದ್ರೆ ಅವನು ಕೊಡಬೇಕಾದ ಪಾಲು ಅವ್ವ ಕೊಟ್ರೆ ತೀರುತ್ತಾ? ಆ ದೊಡ್ಡ ಮೀನು ಆಗಲೇ ಊರವರ ಹೊಟ್ಟೆ ಸೇರಿತ್ತು. ಏನು ಕೊಡ್ತಾನೆ ಪಾಪ?

"ದಡದಲ್ಲಿ ತೆಳ್ಳಗೆ ಮಂಜು ಕಟ್ಟೋ ಕಾಲ ಬಂತು. ಒಂದು ಬೆಳಗ್ಗೆ ಹೊರಟವನು, ಬಾಗಿಲಲ್ಲಿ ನಿಂತು, 'ಅವ್ವ, ಇವತ್ತು ಕರ್ಕೊಂಡೇ ಬರ್ತೀನಿ' ಅಂದ. 'ಕಾಯೋ ಸ್ವಲ್ಪ, ನಾವೂ ಬರ್ತೀವಿ' ಅಂದ್ಲು ಅವ್ವ. ಕಾಯಲಿಲ್ಲ.

"ಮಧ್ಯಾಹ್ನ ಕೆಳಗಿನ ಮರಳದಿಣ್ಣೆ ಮೇಲೆ ಸಿಕ್ಕಿದ. ಹೋಗಿಬಿಟ್ಟಿದ್ದ. ದೋಣಿ ಪಕ್ಕದಲ್ಲೇ ಇತ್ತು, ಹುಟ್ಟುಗಳನ್ನ ಯಾರೋ ನೀಟಾಗಿ ಒಳಗೆ ಎತ್ತಿಟ್ಟಿದ್ರು. ಅಣ್ಣನ ಬಲಗೈ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು, ಬೆರಳ ಸಂದಿನಿಂದ ನೀಲಿ ಬಟ್ಟೆ, ಕೆಂಪು ಪಟ್ಟಿ. ಕೊನೆಗೂ ಹಿಡಿದಿದ್ದ ಕಣ್ರೋ. ಅಂಗಿ ತೋಳೊಂದೇ ಹರಿದು ಬಂದಿತ್ತು. ಗಂಡಸರು ಮುಷ್ಟಿ ಬಿಡಿಸೋಕೆ ಹೋದ್ರು, ಅವ್ವ ಬಿಡಲಿಲ್ಲ. 'ಹಿಡ್ಕೊಂಡಿರಲಿ ಬಿಡಿ. ಈಗಾದ್ರೂ ಹಿಡಿದ' ಅಂದ್ಲು. ಹೆಯ್ಕಾಗೆ ಅಂತ ತೋಡಿಸಿದ ಗುಂಡಿಗೇ ಸಮ್ಮೋಲನ್ನ ಇಳಿಸಿದ್ವಿ. ಚಿಕ್ಕ ಮಗನ ಅಂಗಿ ತೋಳಿನ ಚೂರೊಂದು ಮಣ್ಣಿಗೆ ಬಂತು ಅಂತ ಅವ್ವ ಅಷ್ಟಕ್ಕೇ ಸಮಾಧಾನ ಮಾಡ್ಕೊಂಡ್ಲು. ಮಾಡ್ಕೊಂಡ್ಲು ಅಂತ ನಾವು ಅಂದ್ಕೊಂಡ್ವಿ. ಸಾಯೋ ದಿನದವರೆಗೂ ಒಂದು ಪಾಲು ಜಾಸ್ತಿ ಕೊಯ್ತಿದ್ಲು.

"ದೋಣಿ ನನಗೆ ಬಂತು. ಒಂದೊಂದೇ ಹಲಗೆ ಕೊಳೀತು, ಒಂದೊಂದೇ ಬದಲಾಯಿಸ್ದೆ. ಹಿಂದಿನ ಹಲಗೆ ಮಾತ್ರ ಅದೇ, ಹಿಮ್ಮಡಿ ಬಡಿದ ಜಾಗದಲ್ಲಿ ತಗ್ಗಿದೆ ನೋಡಿ ಬೇಕಾದ್ರೆ. ಸುಟ್ಟು ಹಾಕು ಅಂತ ಎಷ್ಟೋ ಜನ ಹೇಳಿದ್ರು. ಸುಟ್ಟರೆ ಹೆಯ್ಕಾ ಎಲ್ಲಿ ಕೂರ್ತಾನೆ? ನನ್ನಣ್ಣ ಅಲ್ವಾ ಅವನು… ಖಾಲಿ ದೋಣಿ ಹೂವಿನ ಹಾಗೆ ತೇಲುತ್ತೆ, ಏನೂ ತೊಂದರೆ ಇಲ್ಲ. ಜನ ಕೂತ್ರೆ ಮಾತ್ರ ಅವನಿಗೂ ಕೂರೋ ಆಸೆ ಆಗುತ್ತೆ. ಅದಕ್ಕೇ ಎಳ್ಕೊಂಡು ಬಾ ಅಂದಿದ್ದು."

*

ಅಜ್ಜಿ ಲೋಟ ಕೆಳಗಿಟ್ಟಳು. ಇಂಗಾ ನನ್ನ ತೋಳು ಹಿಡಿದುಕೊಂಡಿದ್ದಳು. ನೀರು ಮೊಗೆದು ಚೆಲ್ಲಿದ್ದು ಅವಳಿಗೂ ನೆನಪಾಗಿರಬೇಕು. ನಿಲ್ಲಾಸ್‌ನ ಮುಖದಲ್ಲಿ ಮೊದಲಿದ್ದ ನಗೆ ಇರಲಿಲ್ಲ.

"ಅಜ್ಜಿ, ನಾವು ಬಂದದ್ದು ಮೂರೇ ಜನ" ಎಂದ.

"ಬಾಗಿಲಲ್ಲಿ ನಿಂತು ಎಣಿಸಿದ್ದು ನಾನು" ಎಂದಳು ಅಜ್ಜಿ.

ಆಗ ನಾನು ಮೇಜಿನ ಕಡೆ ನೋಡಿದೆ. ಐದನೆಯ ತಟ್ಟೆ ಬೆಂಚಿನ ತುದಿಯಲ್ಲಿತ್ತು, ಮೀನಿನ ತುಂಡು ಅದರಲ್ಲಿ ಹಾಗೇ ಆರುತ್ತಿತ್ತು. ಟಕ್ ಟಕ್ ಎಂಬ ಸದ್ದು ಬರುತ್ತಿದ್ದುದು ಸೂರಿನಿಂದಲ್ಲ, ಆ ಬೆಂಚಿನ ಕೆಳಗಿನಿಂದ. ಎಷ್ಟು ಹೊತ್ತಿನಿಂದ ಬರುತ್ತಿತ್ತೋ ಯಾರಿಗೆ ಗೊತ್ತು, ಕತೆಯುದ್ದಕ್ಕೂ ಅದು ನಮ್ಮ ಕಿವಿಯಲ್ಲಿತ್ತು.

ಅಜ್ಜಿ ಆ ಕಡೆ ತಿರುಗಿಯೂ ನೋಡಲಿಲ್ಲ. ಕೈಚಾಚಿ ತಟ್ಟೆಯನ್ನು ಬೆಂಚಿಗೆ ಇನ್ನಷ್ಟು ಹತ್ತಿರ ಸರಿಸಿದಳು.

"ನಿಲ್ಲಾಸ್, ಹುಟ್ಟು ಹಾಕಿದವನು ನೀನು. ಕೊಟ್ಟೆ ಅಂತ ಹೇಳು ಬಾಯಲ್ಲಿ."

ನಿಲ್ಲಾಸ್ ತಟ್ಟೆಯ ಕಡೆ ಬಾಗಿ, "ತಗೊ… ನಿನ್ನ ಪಾಲು" ಎಂದ.

"ಕಾಲು ಬಡೀಬೇಡ ಕಣೋ" ಎಂದಳು ಅಜ್ಜಿ, ನಮಗಾರಿಗೂ ಅಲ್ಲ. ದನಿ ಹದಿನಾರರ ಹುಡುಗಿಯದಂತೆ ಎಳೆಯದಾಗಿತ್ತು. "ಮೀನು ಓಡಿಹೋಗುತ್ತೆ."

ಹೊರಗೆ ಮಳೆ ಸುರಿಯುತ್ತಲೇ ಇತ್ತು. ಬೆಂಚಿನ ಕೆಳಗಿನ ಸದ್ದು ನಿಂತಿತು.

ಅಜ್ಜಿ ನಮ್ಮ ಲೋಟಗಳಿಗೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿದಳು. "ಕುಡೀರಿ, ಆರುತ್ತೆ. ನಾಳೆ ವಾಪಸ್ ಹೋಗುವಾಗಲೂ ಹಿಂದೆ ಯಾರೂ ಕೂರಬೇಡಿ. ಮತ್ತೆ ಬೇಗ ಹೊರಡಿ… ಅವನಿಗೆ ಕಾಯೋಕೆ ಬರಲ್ಲ."